ಹೊಸ ಡಿಸ್ಕ್ ಹಾಕಿಸಿದರೂ ಬ್ರೇಕ್ ನಡುಕ ಮರಳಿ ಬರುವುದೇಕೆ?

ಪ್ರಶ್ನೆ: ನನ್ನದು ಏಳು ವರ್ಷದ ಸಣ್ಣ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ತಿಂಗಳಿಗೆ ಎರಡು ಮೂರು ಸಲ ಮಂಗಳೂರಿಗೆ ಹೋಗುತ್ತೇನೆ. 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದೆ, ಪೆಡಲ್ ಅಂಗಾಲನ್ನು ಮೇಲಕ್ಕೆ ತಳ್ಳುತ್ತದೆ. ಒಂದೂವರೆ ವರ್ಷದ ಹಿಂದೆ ಇದೇ ತೊಂದರೆಗೆ ಮುಂದಿನ ಎರಡೂ ಡಿಸ್ಕ್ ಮತ್ತು ಪ್ಯಾಡ್ ಹೊಸದು ಹಾಕಿಸಿದ್ದೆ. ಐದಾರು ತಿಂಗಳು ಚೆನ್ನಾಗಿತ್ತು, ಟೈರ್ ಅದಲುಬದಲು ಮಾಡಿಸಿದ ಮೇಲೆ ನಿಧಾನವಾಗಿ ಮತ್ತೆ ಶುರುವಾಯಿತು. ಗ್ಯಾರೇಜಿನವರು ಡಿಸ್ಕ್ ಬೆಂಡ್ ಆಗಿದೆ, ಮತ್ತೊಮ್ಮೆ ಬದಲಿಸಿ ಎನ್ನುತ್ತಾರೆ. ಮನೆಯಲ್ಲಿಯೇ ಪರೀಕ್ಷಿಸಿ ಸರಿ ಮಾಡಿಕೊಳ್ಳಬಹುದೇ? ಸ್ಪ್ಯಾನರ್ ಹಿಡಿದು ಕೆಲಸ ಮಾಡಿದ ಅಭ್ಯಾಸ ಸ್ವಲ್ಪ ಇದೆ.

ಉತ್ತರ: ಮಾಡಿಕೊಳ್ಳಬಹುದು. ಆದರೆ ದಯವಿಟ್ಟು ಈಗಲೇ ಹೊಸ ಡಿಸ್ಕ್ ಕೊಳ್ಳಬೇಡಿ. ಹೊಸ ಡಿಸ್ಕ್ ಐದಾರು ತಿಂಗಳು ಚೆನ್ನಾಗಿದ್ದು ಆಮೇಲೆ ನಿಧಾನವಾಗಿ ಕೆಟ್ಟಿತು ಎಂದಿದ್ದೀರಿ. ಟೈರ್ ಅದಲುಬದಲಾದ ಮೇಲೆ ಎಂದೂ ಹೇಳಿದ್ದೀರಿ. ರೋಗ ಡಿಸ್ಕಿನದಲ್ಲ, ಡಿಸ್ಕಿನ ಬೆನ್ನಿಗಿರುವ ಹಬ್ಬಿನದೋ (ಡಿಸ್ಕೂ ಚಕ್ರವೂ ಕುಳಿತು ತಿರುಗುವ ಭಾಗ) ಅದನ್ನು ಬಿಗಿದ ರೀತಿಯದೋ ಇರಬೇಕು ಎಂದು ಶಂಕಿಸಲು ನನಗೆ ಇಷ್ಟು ಸಾಕು. ಕಾರಣ ಹಾಗೆಯೇ ಉಳಿದರೆ ಮೂರನೆಯ ಜೊತೆ ಡಿಸ್ಕ್ ಕೂಡ ಅದೇ ದಾರಿ ಹಿಡಿಯುತ್ತದೆ.

‘ಬೆಂಡ್ ಆಗಿದೆ’ ಎಂಬ ಮಾತನ್ನು ಎಲ್ಲ ಗ್ಯಾರೇಜುಗಳಲ್ಲೂ ಕೇಳುತ್ತೇವೆ. ಎರಕದ ಕಬ್ಬಿಣದ ಡಿಸ್ಕ್ ಬಿಸಿಗೆ ಹಪ್ಪಳದಂತೆ ಸೊಟ್ಟಗಾಗುವುದು ನಿಜಕ್ಕೂ ಅಪರೂಪ. ಬಹುತೇಕ ಆಗುವುದು ಬೇರೆ: ಡಿಸ್ಕಿನ ದಪ್ಪ ಒಂದೊಂದು ಜಾಗದಲ್ಲಿ ಒಂದೊಂದು ಬಗೆಯಾಗಿರುತ್ತದೆ. ತೆಳುವಾದ ಭಾಗ ಪ್ಯಾಡುಗಳ ನಡುವೆ ಹಾದಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಸ್ವಲ್ಪ ಮುಂದೆ ಬರುತ್ತದೆ, ದಪ್ಪ ಭಾಗ ಬಂದಾಗ ಹಿಂದಕ್ಕೆ ತಳ್ಳಲ್ಪಡುತ್ತದೆ. ಹಿಂದೆ ಸರಿದ ಪಿಸ್ಟನ್ ಬ್ರೇಕ್ ಎಣ್ಣೆಯನ್ನು ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನ ಕಡೆಗೆ ನೂಕುತ್ತದೆ. ನಿಮ್ಮ ಅಂಗಾಲಿಗೆ ತಾಗುವ ಒದೆತ ಅದೇ. ಜೊತೆಗೆ ಚಕ್ರದ ಮೇಲಿನ ಹಿಡಿತವೂ ಸುತ್ತಿಗೊಮ್ಮೆ ಏರಿಳಿಯುವುದರಿಂದ ಸ್ಟಿಯರಿಂಗ್ ನಡುಗುತ್ತದೆ. ಈ ದಪ್ಪದ ವ್ಯತ್ಯಾಸ ದೊಡ್ಡದೇನೂ ಇರಬೇಕಿಲ್ಲ. ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗವಾದರೂ ಕಾಲಿಗೆ ತಿಳಿಯುತ್ತದೆ. ನಾವು ಬರೆಯುವ ಕಾಗದದ ಹಾಳೆಯೇ ಸುಮಾರು 0.1 ಮಿ.ಮೀ. ದಪ್ಪ, ಅದರ ಐದರಲ್ಲಿ ಒಂದು ಪಾಲು ಎಂದುಕೊಳ್ಳಿ.

ಹೊಸ ಡಿಸ್ಕಿನಲ್ಲಿ ಈ ವ್ಯತ್ಯಾಸ ಹೇಗೆ ಹುಟ್ಟುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ದುರಸ್ತಿಯ ದಾರಿ ತಾನೇ ಕಾಣುತ್ತದೆ. ಡಿಸ್ಕ್ ಕುಳಿತುಕೊಳ್ಳುವ ಹಬ್ಬಿನ ಮುಖದ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಒಂದು ತುಕ್ಕಿನ ಚಕ್ಕೆ ಇದೆ ಎಂದುಕೊಳ್ಳೋಣ. ಹಬ್ಬಿನ ಅಗಲ 130 ಮಿ.ಮೀ., ಡಿಸ್ಕಿನ ಅಗಲ 240 ಮಿ.ಮೀ. ಇದ್ದರೆ, ಆ ಚಕ್ಕೆಯ ಮೇಲೆ ಓರೆಯಾಗಿ ಕುಳಿತ ಡಿಸ್ಕಿನ ಹೊರಅಂಚು ತಿರುಗುವಾಗ ಸುಮಾರು 0.09 ಮಿ.ಮೀ. ಎಡಬಲಕ್ಕೆ ಓಲಾಡುತ್ತದೆ. ಮೆಕ್ಯಾನಿಕ್‌ಗಳು ಇದನ್ನು ರನ್‌ಔಟ್ ಎನ್ನುತ್ತಾರೆ. ಮೊದಲ ದಿನ ನಿಮಗೇನೂ ಅನಿಸುವುದಿಲ್ಲ, ಏಕೆಂದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ತನ್ನ ಪಿನ್‌ಗಳ ಮೇಲೆ ಜಾರುತ್ತಾ ಡಿಸ್ಕಿನೊಂದಿಗೇ ಅತ್ತಿತ್ತ ಆಡುತ್ತದೆ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಪ್ಯಾಡ್ ಡಿಸ್ಕಿಗೆ ತೀರಾ ಹತ್ತಿರದಲ್ಲಿಯೇ ಇರುತ್ತದೆ. ಓಲಾಡುವ ಡಿಸ್ಕಿನ ಉಬ್ಬಿದ ಜಾಗ ಸುತ್ತಿಗೊಮ್ಮೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. 165/80 ಆರ್ 14 ಅಳತೆಯ ಟೈರ್ ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು ತಿರುಗುತ್ತದೆ. 5,000 ಕಿಲೋಮೀಟರಿಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಲ ಅದೇ ಜಾಗ ಉಜ್ಜಿಸಿಕೊಂಡಿರುತ್ತದೆ. ಡಿಸ್ಕಿನ ಹೊರಮುಖ ಒಂದು ಕಡೆ ಸವೆದರೆ, ಒಳಮುಖ ಅದಕ್ಕೆ ಸರಿಯಾಗಿ ಎದುರುಗಡೆ ಸವೆಯುತ್ತದೆ. ಐದಾರು ತಿಂಗಳು ಚೆನ್ನಾಗಿತ್ತು ಎಂದಿರಲ್ಲ, ಆ ತಿಂಗಳುಗಳಲ್ಲಿ ಒಳಗೆ ನಡೆಯುತ್ತಿದ್ದದ್ದು ಇದೇ ಇರಬೇಕು.

ಇನ್ನೊಂದು ದಾರಿಯಿಂದಲೂ ನಡುಕ ಬರುತ್ತದೆ, ಘಾಟಿ ಇಳಿಯುವವರು ಅದನ್ನು ತಿಳಿದಿರಬೇಕು. ಕಾದು ಹಬೆಯಾಡುವ ಬ್ರೇಕ್ ಹಿಡಿದುಕೊಂಡೇ ಕಾರನ್ನು ನಿಲ್ಲಿಸಿದರೆ ಪ್ಯಾಡಿನ ಮಸಾಲೆ (ಡಿಸ್ಕಿಗೆ ಉಜ್ಜುವ ಪದರದ ವಸ್ತು) ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಪ್ಯಾಡಿನ ಆಕಾರದ ನೀಲಿಗಪ್ಪು ಅಚ್ಚು ಉಳಿಯುತ್ತದೆ. ಮುಂದೆ ಆ ಜಾಗ ಹೆಚ್ಚು ಹಿಡಿಯುತ್ತದೆ, ಹೆಚ್ಚು ಕಾಯುತ್ತದೆ, ಇನ್ನಷ್ಟು ಮಸಾಲೆಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿಯೂ ಪ್ಯಾಡಿನ ಕೆಳಗೆ ತುಕ್ಕಿನ ಅಚ್ಚು ಮೂಡುತ್ತದೆ, ಆದರೆ ತೆಳುವಾಗಿದ್ದರೆ ನಾಲ್ಕಾರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಉಜ್ಜಿ ಹೋಗುತ್ತದೆ.

ಇನ್ನು ಪರೀಕ್ಷೆ. ಸ್ಪ್ಯಾನರ್ ಮುಟ್ಟುವ ಮೊದಲು ರಸ್ತೆಯಲ್ಲಿ ಅರ್ಧ ಗಂಟೆ ಕಳೆಯಿರಿ. ಖಾಲಿ, ನೇರವಾದ ರಸ್ತೆಯಲ್ಲಿ 80ರ ವೇಗಕ್ಕೆ ಹೋಗಿ, ಬ್ರೇಕ್ ಮುಟ್ಟದೆ ಸ್ಟಿಯರಿಂಗ್ ಗಮನಿಸಿ. ಬ್ರೇಕ್ ಇಲ್ಲದೆಯೂ ನಡುಗಿದರೆ ಅದು ಬಹುಮಟ್ಟಿಗೆ ಟೈರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ಸಮಸ್ಯೆ, ಮೊದಲು ಅದನ್ನು ಸರಿಪಡಿಸಿ. ನಡುಗದಿದ್ದರೆ ಹಗುರವಾಗಿ ಬ್ರೇಕ್ ಒತ್ತಿ ವೇಗ ಇಳಿಯುವವರೆಗೂ ಹಿಡಿದಿಡಿ, ಒದೆತದ ಲಯವನ್ನು ಗಮನಿಸಿ. ಡಿಸ್ಕಿನ ದೋಷ ಚಕ್ರದ ಸುತ್ತಿಗೆ ಕಟ್ಟುಬಿದ್ದದ್ದು: 80ರಲ್ಲಿ ಸೆಕೆಂಡಿಗೆ ಹನ್ನೊಂದು ಸುತ್ತಾದರೆ, 20ಕ್ಕೆ ಇಳಿದಾಗ ಮೂರೂ ಇಲ್ಲ. ವೇಗ ಇಳಿದಂತೆ ಒದೆತವೂ ನಿಧಾನವಾಗಿ, ಕೊನೆಗೆ ಎಣಿಸಲು ಬರುವಂತಾದರೆ ಅದು ಡಿಸ್ಕಿನದೋ ಡ್ರಮ್ಮಿನದೋ ದೋಷ. ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಒದೆಯುವುದು ಹಾಗಲ್ಲ. ಅದು ಗರಗರ ಸದ್ದಿನೊಂದಿಗೆ ಒಂದೇ ಚುರುಕಿನಲ್ಲಿ ಬಡಿಯುತ್ತದೆ, ಟೈರ್ ಜಾರುವಾಗ ಮಾತ್ರ ಬರಬೇಕು. ಒಣ ರಸ್ತೆಯಲ್ಲಿ, ಕಾರು ಇನ್ನೇನು ನಿಲ್ಲುತ್ತದೆ ಎನ್ನುವಾಗ ಪ್ರತಿ ಸಲವೂ ಗರಗರ ಎಂದರೆ ಚಕ್ರದ ವೇಗ ಅಳೆಯುವ ಸೆನ್ಸರಿನಲ್ಲಿ ಕೊಳೆಯೋ, ಅದರ ಹಲ್ಲಿನ ಉಂಗುರದಲ್ಲಿ ಬಿರುಕೋ ಇರುತ್ತದೆ. ಆಗ ಡಿಸ್ಕ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಮುಂದಿನದೋ ಹಿಂದಿನದೋ ಎಂದು ತಿಳಿಯಲು ಹ್ಯಾಂಡ್‌ಬ್ರೇಕ್ ಇದೆ. ಹಿಂದೆ ಮುಂದೆ ಯಾರೂ ಇಲ್ಲದ ಒಣ ರಸ್ತೆಯಲ್ಲಿ, 30-40ರ ವೇಗದಲ್ಲಿ, ಅದರ ಗುಂಡಿಯನ್ನು ಒತ್ತಿ ಹಿಡಿದೇ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಗುಂಡಿ ಬಿಡಬಾರದು, ಬಿಟ್ಟರೆ ಲಿವರ್ ಅಲ್ಲೇ ಸಿಕ್ಕಿಕೊಂಡು ಹಿಂದಿನ ಚಕ್ರಗಳು ಲಾಕ್ ಆಗಬಹುದು. ಸೀಟಿನ ಕೆಳಗೆ ಬಿಟ್ಟು ಬಿಟ್ಟು ಎಳೆದಂತಾದರೆ ಹಿಂದಿನ ಡ್ರಮ್ ಗುಂಡಗೆ ಉಳಿದಿಲ್ಲ. ನಿಮ್ಮ ಕಾರಿನಲ್ಲಿ ಸ್ಟಿಯರಿಂಗ್ ನಡುಗುತ್ತಿರುವುದರಿಂದ ದೋಷ ಮುಂದೆಯೇ ಇರುವ ಸಾಧ್ಯತೆ ಹೆಚ್ಚು. ಆದರೂ ಈ ಪರೀಕ್ಷೆ ಬಿಡಬೇಡಿ, ಎರಡೂ ಕಡೆ ದೋಷವಿರುವ ಕಾರುಗಳನ್ನು ನಾನು ನೋಡಿದ್ದೇನೆ.

ಈಗ ಕಾರನ್ನು ಎತ್ತೋಣ. ಮಲೆನಾಡಿನ ಅಂಗಳಗಳಲ್ಲಿ, ಅದೂ ಮಳೆ ಬಿದ್ದ ಮಣ್ಣಿನಲ್ಲಿ, ಜಾಕ್ ನಿಧಾನವಾಗಿ ಹೂತು ಹೋಗುತ್ತದೆ. ಸಿಮೆಂಟ್ ನೆಲ ಇಲ್ಲದಿದ್ದರೆ ಅಗಲವಾದ ಗಟ್ಟಿ ಹಲಗೆಯ ಮೇಲೆ ಜಾಕ್ ಇಡಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಡಿ, ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್ ಕೊಟ್ಟೇ ಕೈ ಹಾಕಿ. ಬರಿಯ ಜಾಕ್ ನಂಬಿ ಕಾರಿನ ಕೆಳಗೆ ಯಾವ ಅಂಗವನ್ನೂ ಇಡಬೇಡಿ. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ, ಸಡಿಲಿಸುವಾಗ ಪ್ರತಿಯೊಂದಕ್ಕೂ ಎಷ್ಟು ಬಲ ಬೇಕಾಯಿತು ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಕೈಯಲ್ಲಿ ಬಂದು, ಪಕ್ಕದ್ದಕ್ಕೆ ಸ್ಪ್ಯಾನರ್ ಮೇಲೆ ನಿಲ್ಲಬೇಕಾಯಿತೇ? ಹಾಗಿದ್ದರೆ ಟೈರ್ ಅಂಗಡಿಯಲ್ಲಿ ನಟ್ ಬಿಗಿಯುವ ಗಾಳಿ ಗನ್ ಮೇಲಿನ ನನ್ನ ಅನುಮಾನ ನಿಜವಾಗುತ್ತದೆ. ಅಳತೆಯಿಲ್ಲದೆ, ಸುತ್ತಿನ ಕ್ರಮದಲ್ಲಿ ಒಂದೊಂದನ್ನೇ ಪೂರ್ತಿ ಬಿಗಿದರೆ ಡಿಸ್ಕ್ ಹಬ್ಬಿನ ಮೇಲೆ ಓರೆಯಾಗಿ ಒತ್ತಲ್ಪಡುತ್ತದೆ. ಅಲ್ಲಿಂದಾಚೆಗೆ ನಡೆಯುವುದು ಮೇಲೆ ಹೇಳಿದ ಕಥೆಯೇ.

ಚಕ್ರ ಕಳಚುವ ಮೊದಲು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಆಟ ಸಿಕ್ಕಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ಮೊದಲು ಅದನ್ನು ಸರಿಪಡಿಸದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ.

ಅಳತೆಗೆ ಎರಡು ಉಪಕರಣ ಬೇಕು: ಮೈಕ್ರೊಮೀಟರ್ ಮತ್ತು ಅಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜ್. ಊರಿನ ಲೇತ್ ಅಂಗಡಿಯಲ್ಲಿ ಎರಡೂ ಇರುತ್ತವೆ, ಪರಿಚಯವಿದ್ದರೆ ಒಂದು ಭಾನುವಾರಕ್ಕೆ ಕೇಳಿ ತನ್ನಿ. ವರ್ನಿಯರ್ ಕ್ಯಾಲಿಪರ್ ಸಾಲದು. ಹಳೆಯ ಡಿಸ್ಕಿನ ಅಂಚಿನಲ್ಲಿ ಸವೆಯದೆ ಉಳಿದ ಒಂದು ದಂಡೆ ಇರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕುಳಿತು ಸುಳ್ಳು ದಪ್ಪ ತೋರಿಸುತ್ತದೆ. ಹೊರಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, ಸುತ್ತಲೂ ಸಮ ದೂರದಲ್ಲಿ ಎಂಟು ಕಡೆ ಸೀಮೆಸುಣ್ಣದ ಗುರುತು ಹಾಕಿ ಮೈಕ್ರೊಮೀಟರಿನಿಂದ ಅಳೆದು ಬರೆದುಕೊಳ್ಳಿ. ಅತಿ ಹೆಚ್ಚಿಗೂ ಅತಿ ಕಡಿಮೆಗೂ 0.02 ಮಿ.ಮೀ. ಮೀರಿದ ಅಂತರವಿದ್ದರೆ ನಿಮ್ಮ ಒದೆತದ ನೇರ ಕಾರಣ ಸಿಕ್ಕಿತು. ಡಿಸ್ಕಿನ ಅಂಚಿನಲ್ಲಿಯೋ ನಡುಭಾಗದ ಟೊಪ್ಪಿಗೆಯಂಥ ಭಾಗದಲ್ಲಿಯೋ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ, ತಂತಿ ಬ್ರಷ್‌ನಿಂದ ಉಜ್ಜಿದರೆ ಓದಲು ಬರುತ್ತದೆ. ಎಂಟರಲ್ಲಿ ಒಂದು ಅಳತೆಯಾದರೂ ಅದಕ್ಕಿಂತ ಕೆಳಗಿದ್ದರೆ ಆ ಡಿಸ್ಕಿನ ಆಯುಷ್ಯ ಮುಗಿಯಿತು. ಬೆರಳುಗುರು ಸಿಕ್ಕಿಕೊಳ್ಳುವಂಥ ಬಿರುಕು ಕಂಡರೂ ಅಷ್ಟೇ.

ಮುಂದೆ ಬ್ರೇಕಿನ ಕ್ಯಾಲಿಪರ್ ಬಿಚ್ಚಿ, ಅದನ್ನು ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ ತೂಗುಹಾಕಿ. ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಲೇಬಾರದು. ಪ್ಯಾಡಿನ ಧೂಳನ್ನು ಊದಬೇಡಿ, ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಒದ್ದೆ ಬಟ್ಟೆಯಿಂದ ಒರೆಸಿ. ಡಿಸ್ಕಿನ ಮೇಲೆ ದಪ್ಪ ವಾಷರ್ ಕೊಟ್ಟು ಎಲ್ಲ ನಟ್‌ಗಳನ್ನೂ ಸಮನಾಗಿ ಬಿಗಿಯಿರಿ, ಇಲ್ಲದಿದ್ದರೆ ಡಿಸ್ಕ್ ಸಡಿಲವಾಗಿ ಅಲ್ಲಾಡುತ್ತಾ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಸ್ಟ್ಯಾಂಡಿನ ಅಯಸ್ಕಾಂತವನ್ನು ಅಲ್ಲಾಡದ ಕಬ್ಬಿಣದ ಭಾಗಕ್ಕೆ ಕಚ್ಚಿಸಿ, ಡಯಲ್ ಗೇಜಿನ ತುದಿಯನ್ನು ಅದೇ 10 ಮಿ.ಮೀ. ಒಳಗೆ ತಾಗಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಡಿಸ್ಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು ಏರಿದ ತುದಿಯಿಂದ ಇಳಿದ ತುದಿಯವರೆಗಿನ ಅಂತರವೇ ರನ್‌ಔಟ್. ಕಾರಿನ ಕೈಪಿಡಿಗಳಲ್ಲಿ ಇದರ ಮಿತಿ ಒಂದೊಂದಕ್ಕೆ ಒಂದೊಂದು ಬಗೆಯಾಗಿದೆ, ನಾನು 0.05 ಮಿ.ಮೀ. ಒಳಗೆ ಬರುವವರೆಗೆ ಬಿಡುವುದಿಲ್ಲ. ಉಬ್ಬಿದ ಜಾಗಕ್ಕೆ ಗುರುತು ಹಾಕಿ.

ಈಗ ಡಿಸ್ಕ್ ತೆಗೆಯುವ ಕೆಲಸ. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಹಲವು ಡಿಸ್ಕುಗಳಲ್ಲಿ ತಿರುಪಿನ ಮರೆ (ಥ್ರೆಡ್) ಇರುವ ಎರಡು ಸಣ್ಣ ತೂತುಗಳಿವೆ, ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟಿಗೆ. ಎರಡಕ್ಕೂ ಬೋಲ್ಟ್ ಹಾಕಿ ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಡಿಸ್ಕ್ ತಾನಾಗಿ ಎದ್ದು ಬರುತ್ತದೆ. ತೆಗೆಯುವ ಮೊದಲು ಒಂದು ಸ್ಟಡ್ಡಿಗೂ (ಚಕ್ರದ ನಟ್ ಕೂರುವ ಬೋಲ್ಟ್) ಅದರ ಎದುರಿನ ಡಿಸ್ಕಿನ ತೂತಿಗೂ ಬಣ್ಣದ ಚುಕ್ಕೆ ಇಡುವುದನ್ನು ಮರೆಯಬೇಡಿ.

ಡಿಸ್ಕ್ ಬಂದ ಮೇಲೆ ಹಬ್ಬಿನ ಮುಖವನ್ನು ಟಾರ್ಚ್ ಹಾಕಿ ನೋಡಿ. ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಟ್ಯಾಕ್ಸಿ ನನ್ನ ಬಳಿಗೆ ಬಂದಿತ್ತು. ಎರಡು ವರ್ಷದಲ್ಲಿ ಮೂರು ಜೊತೆ ಡಿಸ್ಕ್ ಕಂಡಿತ್ತು, ಪಾಪ, ಪ್ರತಿ ಸಲವೂ ಚಾಲಕನ ಒಂದು ತಿಂಗಳ ದುಡಿಮೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಿತ್ತು. ಡಿಸ್ಕ್ ತೆಗೆದು ನೋಡಿದರೆ ಎರಡು ಸ್ಟಡ್ಡುಗಳ ನಡುವೆ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ, ಕಂದು ಬಣ್ಣದ ಚಕ್ಕೆಯೊಂದು ಪದರ ಪದರವಾಗಿ ಕೂತಿತ್ತು. ಅದರ ನೆತ್ತಿ ಮಾತ್ರ ಡಿಸ್ಕಿಗೆ ಒತ್ತಿ ಒತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು. ಚಾಕುವಿನ ಮೊನೆ ಆನಿಸಿದರೆ ಸಿಡಿದು ಬಂತು. ಮೂರು ಸಲ ಡಿಸ್ಕ್ ಬದಲಿಸಿದವರು ಯಾರೂ ಅಲ್ಲಿ ಒಮ್ಮೆ ತಂತಿ ಬ್ರಷ್ ಆಡಿಸಿರಲಿಲ್ಲ. ಆ ಹೊಳೆಯುವ ನೆತ್ತಿಯನ್ನೇ ನೀವು ಹುಡುಕಬೇಕು. ಸ್ಟಡ್ಡುಗಳ ಬುಡದಲ್ಲಿ ಮತ್ತು ನಡುವಿನ ಗುಂಡನೆಯ ಏಣಿನ ಸಂದಿಯಲ್ಲಿ ತುಕ್ಕು ಹೆಚ್ಚು ಅಡಗಿರುತ್ತದೆ. ಇಡೀ ಮುಖವನ್ನು ತಂತಿ ಬ್ರಷ್‌ನಿಂದ, ಆಮೇಲೆ ಎಮರಿ ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ. ಗ್ರೈಂಡರ್ ಬೇಡ, ಅದು ಲೋಹವನ್ನೇ ತಿಂದು ಹೊಸ ತಗ್ಗು ಮಾಡುತ್ತದೆ. ಡಿಸ್ಕಿನ ಒಳಬದಿಯನ್ನೂ ಹಾಗೆಯೇ ಉಜ್ಜಿ. ಅಲ್ಲಿ ಗ್ರೀಸ್ ಬಳಿಯಬೇಡಿ, ಅದಕ್ಕೆ ಧೂಳು ಅಂಟಿಕೊಳ್ಳುತ್ತದೆ.

ಅದೇ ಡಿಸ್ಕನ್ನು ಅದೇ ಗುರುತಿಗೆ ಕೂಡಿಸಿ ಮತ್ತೆ ಅಳೆಯಿರಿ. ರನ್‌ಔಟ್ ತಟ್ಟನೆ ಇಳಿದಿದ್ದರೆ ಅಪರಾಧಿ ಸಿಕ್ಕಿತು. ಇಳಿಯದಿದ್ದರೆ ಡಿಸ್ಕನ್ನು ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಹಾಕಿ ಅಳೆಯಿರಿ. ಉಬ್ಬು ಡಿಸ್ಕಿನೊಂದಿಗೆ ಸರಿದರೆ ದೋಷ ಡಿಸ್ಕಿನದು, ಹಬ್ಬಿನ ಜಾಗದಲ್ಲಿಯೇ ಉಳಿದರೆ ಹಬ್ಬಿನದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಓಲಾಟವಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಹುಮಟ್ಟಿಗೆ ಕೂಡುವ ಜಾಗ ಸಿಗಬಹುದು. ನಾಲ್ಕು ಸ್ಟಡ್ ಇದ್ದರೆ ನಾಲ್ಕೂ ಸ್ಥಾನ ಅಳೆದು, ಅತಿ ಕಡಿಮೆ ಬಂದಲ್ಲಿ ನಿಲ್ಲಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಈ ಹಂತದಲ್ಲಿಯೇ ಕ್ಯಾಲಿಪರಿನ ಎರಡು ಸ್ಲೈಡ್ ಪಿನ್‌ಗಳನ್ನು ಹೊರಗೆಳೆದು ನೋಡಿ. ಬೆರಳಿನಿಂದ ಒತ್ತಿದರೆ ಸಲೀಸಾಗಿ ಒಳಗೆ ಹೊರಗೆ ಬರಬೇಕು. ಒಣಗಿ ಹಿಡಿದುಕೊಂಡಿದ್ದರೆ ಒಂದು ಪ್ಯಾಡ್ ಸದಾ ಡಿಸ್ಕಿಗೆ ತಾಗಿಯೇ ಇರುತ್ತದೆ, ಒಳಗಿನ ಪ್ಯಾಡಿಗೂ ಹೊರಗಿನದಕ್ಕೂ ಸವೆತದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ. ಒರೆಸಿ, ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಚಾಸಿಸ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಇನ್ನಷ್ಟು ಬಿಗಿಯುತ್ತದೆ. ಮೇಲಿನ ಪಿನ್ ಮೇಲಕ್ಕೇ, ಕೆಳಗಿನದು ಕೆಳಕ್ಕೇ ಹೋಗಬೇಕು, ಕೆಲವು ಕಾರುಗಳಲ್ಲಿ ಎರಡೂ ಒಂದೇ ಅಲ್ಲ.

ಹಬ್ ಸರಿಯಾಯಿತು, ಆದರೆ ಈಗಾಗಲೇ ಸವೆದ ಡಿಸ್ಕಿನ ಗತಿ ಏನು? ಮಸಾಲೆಯ ಅಚ್ಚು ಮಾತ್ರ ಇದ್ದು ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ, ಒರಟಾದ ಎಮರಿ ಕಾಗದದಿಂದ ಡಿಸ್ಕಿನ ಎರಡೂ ಮುಖ ಮತ್ತು ಪ್ಯಾಡುಗಳ ಮೇಲ್ಮೈ ಉಜ್ಜಿದರೆ ಸಾಕಾಗಬಹುದು. ದಪ್ಪದಲ್ಲಿಯೇ ವ್ಯತ್ಯಾಸವಿದ್ದರೆ ಕೈಯಿಂದ ಉಜ್ಜಿ ಸರಿಪಡಿಸಲು ಸಾಧ್ಯವಿಲ್ಲ. ಕೊರೆದ ಮೇಲೂ ಕನಿಷ್ಠ ದಪ್ಪಕ್ಕಿಂತ ಮೇಲೆಯೇ ಉಳಿಯುವಂತಿದ್ದರೆ ಲೇತ್‌ನಲ್ಲಿ ಸ್ಕಿಮ್ಮಿಂಗ್ ಮಾಡಿಸಿ. ಡಿಸ್ಕನ್ನು ಹಬ್ಬಿನ ಮೇಲೆಯೇ ಇಟ್ಟು ಕೊರೆಯುವ ಯಂತ್ರ ನಿಮ್ಮ ಕಡೆ ಸಿಕ್ಕಿದರೆ ಅದೇ ಉತ್ತಮ, ಹಬ್ಬಿನ ಓಲಾಟವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಉಳಿದಿಲ್ಲವೆಂದರೆ ಮಾತ್ರ ಹೊಸದು, ಅದೂ ಎರಡೂ ಬದಿಗೆ, ಹೊಸ ಪ್ಯಾಡಿನೊಂದಿಗೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಬಳಿದಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆಯಿರಿ, ಕೂಡಿಸಿದ ಮೇಲೆ ರನ್‌ಔಟ್ ಅಳೆಯಿರಿ. ಹೊಸದು ಎಂಬ ಕಾರಣಕ್ಕೆ ಅಳತೆ ಬಿಡಬೇಡಿ.

ಪಿಸ್ಟನ್ನನ್ನು ಒಳಗೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರುತ್ತದೆ, ಚೆಲ್ಲಿದರೆ ಬಣ್ಣ ತಿನ್ನುತ್ತದೆ. ಒಂದು ಕಣ್ಣು ಅಲ್ಲಿರಲಿ. ಚಕ್ರ ಕೂಡಿಸುವಾಗ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಇನ್ನು ಮುಂದೆ ಟೈರ್ ಅಂಗಡಿಗೆ ಹೋದಾಗಲೂ ಗನ್ ಬೇಡ, ಕೈಯಿಂದ ಬಿಗಿಯಿರಿ ಎಂದು ಪಕ್ಕದಲ್ಲಿ ನಿಂತು ಹೇಳಿ. ಅದರಲ್ಲಿ ಸಂಕೋಚ ಬೇಡ. ಎಲ್ಲ ಮುಗಿದು ಕಾರು ಸ್ಟಾರ್ಟ್ ಮಾಡಿದ ಮೇಲೆ, ಗೇರ್ ಹಾಕುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಇದನ್ನು ಮರೆತರೆ ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ, ಗೇಟಿಗೋ ಮನುಷ್ಯರಿಗೋ ಗುದ್ದುತ್ತೀರಿ. ಪೆಡಲ್ ಗಟ್ಟಿಯಾಗದೆ ಕೆಳಗಿಳಿಯುತ್ತಿದ್ದರೆ, ಎಲ್ಲಾದರೂ ಎಣ್ಣೆ ಒಸರುತ್ತಿದ್ದರೆ, ಬ್ರೇಕ್ ಒತ್ತಿದಾಗ ಕಾರು ಒಂದೇ ಬದಿಗೆ ಎಳೆದರೆ ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಿ, ನುರಿತ ಮೆಕ್ಯಾನಿಕ್‌ರನ್ನು ಅಲ್ಲಿಗೇ ಕರೆಸಿ.

ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ, ಮಧ್ಯಮ ಒತ್ತಡದಲ್ಲಿ, ಹತ್ತು ಹದಿನೈದು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಪ್ರತಿ ಸಲದ ನಡುವೆ ಅರ್ಧ ಕಿಲೋಮೀಟರ್ ಓಡಲಿ. ಕೊನೆಯಲ್ಲಿ ನಾಲ್ಕೈದು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ.

ಘಾಟಿಯ ಬಗ್ಗೆಯೂ ಒಂದು ಮಾತು. ಕೊಟ್ಟಿಗೆಹಾರ ದಾಟಿ ಇಳಿಜಾರು ಹಿಡಿದ ಕೂಡಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬನ್ನಿ, ಎಂಜಿನ್ ಕಾರನ್ನು ಹಿಡಿದಿಡಲಿ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯಬೇಡಿ, ಬೇಕಾದಾಗ ಸ್ವಲ್ಪ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಟ್ಟುಬಿಡಿ. ಕೆಳಗೆ ಇಳಿದ ತಕ್ಷಣ ಚಹಾಕ್ಕೆ ನಿಲ್ಲಿಸುವ ಬದಲು ಒಂದೆರಡು ಕಿಲೋಮೀಟರ್ ಸಮತಟ್ಟಿನಲ್ಲಿ ಓಡಿಸಿ ನಿಲ್ಲಿಸಿ. ನಿಂತ ಮೇಲೆ ಪೆಡಲ್ ಮೇಲಿನ ಕಾಲು ತೆಗೆದು, ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಬಳಸಿ. ನಿಮ್ಮ ಹಿಂದಿನದು ಡ್ರಮ್ ಆದ್ದರಿಂದ ಮುಂದಿನ ಡಿಸ್ಕಿಗೆ ಹ್ಯಾಂಡ್‌ಬ್ರೇಕಿನಿಂದ ಅಚ್ಚು ಬೀಳುವುದಿಲ್ಲ.

ಅಳತೆಗಳನ್ನೆಲ್ಲ ಎಡ, ಬಲ ಎಂದು ದಿನಾಂಕ ಹಾಕಿ ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ನೂರು ಕಿಲೋಮೀಟರ್ ಆದ ಮೇಲೆ ನಟ್‌ಗಳ ಬಿಗಿ ಮತ್ತೊಮ್ಮೆ ನೋಡಿ. 5,000 ಕಿಲೋಮೀಟರಿಗೆ ಡಯಲ್ ಗೇಜ್ ಇನ್ನೊಮ್ಮೆ ಹಚ್ಚಿ. ರನ್‌ಔಟ್ ಆಗ 0.05 ಮೀರಿ ಬೆಳೆದಿದ್ದರೆ ಹಬ್ಬನ್ನೋ ಬೇರಿಂಗನ್ನೋ ಶಂಕಿಸಬೇಕಾಗುತ್ತದೆ. ಆ ಅಂಕಿಗಳೊಂದಿಗೆ ಮತ್ತೆ ಬರೆಯಿರಿ, ಯಾವುದನ್ನು ಮೊದಲು ಬಿಚ್ಚಬೇಕು ಎಂದು ಹೇಳುತ್ತೇನೆ.